ಪಾಂಡಪ್ಪನ ಸಿಡಿಲಮೂಲಿ

ಶಾಲೆಯಿಂದ ಬಂದ ಮಗಳು ಸೌಂದರ್ಯಾ ಚೀಲ ಎಸೆದು, "ಅಪ್ಪಾ, ನಿನಗ ಗುಳಿಗಿ ಪೈಲವಾನ ಅಂತ ಯಾಕ ಅಂತಾರ?" ಎಂದು ಕೇಳಿದ ಸಂಜೆಯೇ, ಪಾಂಡಪ್ಪ ಬದುಕಿರಬಾರದೆಂದು ಜ್ಞಾನೇಶ್ವರ ತೀರ್ಮಾನಿಸಿದ.

ಆ ಹೆಸರು ಇಟ್ಟವನೇ ಪಾಂಡಪ್ಪ. ಮುಧೋಳದ ಕುಸ್ತಿ ಕಣದಲ್ಲಿ, ತುಂಬಿದ ಮಂದಿಯ ಎದುರು, ಉಸ್ತಾದನಾಗಿದ್ದ ಅವನು ಜ್ಞಾನೇಶ್ವರನ ಕಿವಿ ಹಿಡಿದು ಹೊರಗೆಳೆದಿದ್ದ. "ಕಣ್ಣ ನೋಡ್ರಿ ಇವನ್ವು! ಗುಳಿಗಿ ನುಂಗಿ ಬಂದಾನ!" ಆ ದಿನ ಜ್ಞಾನೇಶ್ವರನಿಗಿದ್ದದ್ದು ಬರಿ ಜ್ವರ. ಮತ್ತೆ ಅವನು ಕಣಕ್ಕೆ ಇಳಿಯಲಿಲ್ಲ. ಜಮಖಂಡಿಗೆ ಬಂದು ಔಷಧದ ಅಂಗಡಿ ಇಟ್ಟ. ಹೆಸರು ಅವನಿಗಿಂತ ಮೊದಲೇ ಬಂದು ಕೂತಿತ್ತು. ಮುಪ್ಪಿನಲ್ಲಿ ಪಾಂಡಪ್ಪನೂ ಅದೇ ಓಣಿಯ ಮಗನ ಮನೆಗೆ ಬಂದ. ಹೃದಯದ ಮಾತ್ರೆ ಒಯ್ಯಲು ಬಂದಾಗಲೆಲ್ಲ ಗಿರಾಕಿಗಳ ಎದುರೇ ಕೂಗುವನು: "ಏನಲೇ ಗುಳಿಗಿ ಪೈಲವಾನ, ಈಗ ಮಂದಿಗೆ ನುಂಗಸಾಕತ್ತೀ?"

ಕೊಲ್ಲುವ ದಾರಿ ತೋರಿಸಿದವನೂ ಪಾಂಡಪ್ಪನೇ. "ಮೈಯಾಗ ಕಸುವ ಇಲ್ಲೋ. ಸಿಡಿಲಮೂಲಿ ಅಂತ ಪುಡಿ ಬಂದೈತೆಲ್ಲ, ಅದನ್ನ ಕುಡೀಬಹುದೇನು?"

ಸಿಡಿಲಮೂಲಿಯನ್ನು ಮುಧೋಳದ ಸಾಬಣ್ಣ ತಯಾರಿಸುತ್ತಿದ್ದ. ಬನಹಟ್ಟಿಯ ಮಗ್ಗದವರು ನಿದ್ದೆ ಬಾರದಿರಲೆಂದು ಅದನ್ನು ಹಾಲಿಗೆ ಹಾಕಿ ಕುಡಿಯುತ್ತಿದ್ದರು. ಹಿಂದಿನ ವರ್ಷ ಒಬ್ಬ ಎದೆ ಹಿಡಿದುಕೊಂಡು ಮಗ್ಗದ ಮೇಲೇ ಬಿದ್ದದ್ದು ಪತ್ರಿಕೆಯಲ್ಲೂ ಬಂದಿತ್ತು. ಎದೆಬಡಿತ ಏರಿಸುವ ಗಿಡದ ಹೆಸರು ಡಬ್ಬಿಯ ಮೇಲೇ ಅಚ್ಚಾಗಿತ್ತು. ಔಷಧ ಇಲಾಖೆಯವರು ಇದು ಆಹಾರ ಎಂದರು, ಆಹಾರದವರು ಆಯುರ್ವೇದ ಎಂದರು. ಸಾಬಣ್ಣನಿಗೆ ಒಂದು ನೋಟಿಸು ಹೋಯಿತು. ಪುಡಿ ಮಾತ್ರ ಮಾರಾಟವಾಗುತ್ತಲೇ ಇತ್ತು. ಇಂಥದ್ದನ್ನು ಕುಡಿದು ಹೃದ್ರೋಗಿಯೊಬ್ಬ ಸತ್ತರೆ ಕೊಲೆ ಎನ್ನುವವರು ಯಾರು?

"ಕುಡೀರಿ ಕಾಕಾ. ಗಿಡಮೂಲಿಕಿ ಐತಿ, ಏನೂ ಆಗಂಗಿಲ್ಲ. ನಾನ ತರಸಿ ಕೊಡ್ತೀನಿ."

ಡಬ್ಬಿಯ ಬಾಯಿಗೆ ಅಂಟಿಸಿದ್ದ ಬೆಳ್ಳಿಹಾಳೆಯನ್ನು ನಾಜೂಕಾಗಿ ಬಿಡಿಸಿ, ತನ್ನ ಅಂಗಡಿಯ ಕಪಾಟಿನಲ್ಲಿದ್ದ ಅದೇ ಗಿಡದ ಸತ್ವದ ಗುಳಿಗೆಗಳನ್ನು ಅರೆದು ಬೆರೆಸಿದ. ಬೇರೆ ವಿಷ ಹಾಕುವಷ್ಟು ದಡ್ಡ ಅವನಲ್ಲ. ಪರೀಕ್ಷೆಯಲ್ಲಿ ಸಿಗಬೇಕಾದದ್ದೇ ಸಿಗಬೇಕು, ತುಸು ಹೆಚ್ಚು ಸಿಗಬೇಕು. ಹಾಳೆಯನ್ನು ಮತ್ತೆ ಕೂರಿಸಿದ ಮೇಲೆ, ಹಗಲಲ್ಲೇ ಹೋಗಿ ಪಾಂಡಪ್ಪನ ಸೊಸೆ ರಂಜನಾಳ ಕೈಗಿಟ್ಟ. "ಹಾಲಿನಾಗ ಕಲಸಿ ಕೊಡು ತಂಗಿ." ಮುಚ್ಚಿಡುವವರ ಮೇಲೇ ತಾನೆ ಅನುಮಾನ ಬರುವುದು?

ಮರುದಿನ ಪಾಂಡಪ್ಪ ಅಂಗಡಿಯ ಮುಂದೆ ನಿಂತ. ಮುಖ ಕೆಂಪಗೆ ಏರಿತ್ತು, ಹಣೆಯಲ್ಲಿ ಬೆವರು. "ಕಸುವ ಬಂದೈತಿ ನೋಡಪಾ ಜ್ಞಾನೇಶ್ವರಾ," ಎಂದ. ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಹಿಂದಿನದ್ದು ಮನಸ್ಸಿನ್ಯಾಗ ಇಟಗೋಬ್ಯಾಡ."

ಜ್ಞಾನೇಶ್ವರನ ನಾಲಿಗೆಯ ತುದಿಗೆ ಒಂದು ಮಾತು ಬಂತು. ಅಷ್ಟರಲ್ಲಿ ಯಾರೋ ಕೆಮ್ಮಿನ ಔಷಧ ಕೇಳಿದರು. ಅವನು ಬೆನ್ನು ತಿರುಗಿಸಿ ಕಪಾಟು ತೆರೆದ.

ವಾರ ಮುಗಿಯುವ ಮೊದಲೇ ಪಾಂಡಪ್ಪ ಹೊಸ್ತಿಲ ಮೇಲೆ ಕುಸಿದ. ಗೋಳಾಡುತ್ತಿದ್ದ ರಂಜನಾಳನ್ನು ಸಮಾಧಾನಪಡಿಸಿ, ಪೊಲೀಸರನ್ನು ಕರೆಸಿದವನೂ ಜ್ಞಾನೇಶ್ವರನೇ. "ನಾನ ತಂದ ಕೊಟ್ಟಿದ್ದೆ ಸಾಹೇಬ್ರ, ಸೀಲ್ ಡಬ್ಬಿ. ಹಾಲಿಗೆ ಹಾಕೂಮುಂದ ಈಕಿನ ಸೀಲ್ ಒಡದಾಳ. ಇದನ್ನ ಟೆಸ್ಟಿಗೆ ಹಚ್ರಿ. ಇನ್ನೊಬ್ಬರು ಸಾಯಬಾರ್ದು." ಊರು ಅವನನ್ನು ಮೆಚ್ಚಿತು. ಸಾಬಣ್ಣನನ್ನು ಜೀಪಿನಲ್ಲಿ ಕರೆದೊಯ್ದರು.

ಕೆಲವು ವಾರಗಳ ನಂತರ ಔಷಧ ಇಲಾಖೆಯ ಅಧಿಕಾರಿ ಪ್ರತಿಮಾ ಪೊಲೀಸರೊಂದಿಗೆ ಅಂಗಡಿಗೆ ಬಂದರು. ಸಾಕ್ಷಿ ಹೇಳಲು ಕರೆಯುತ್ತಾರೆಂದುಕೊಂಡು ಜ್ಞಾನೇಶ್ವರ ಕುರ್ಚಿ ಹಾಕಿದ. ಅವರು ಕೂರಲಿಲ್ಲ. "ನೀವು ಟೆಸ್ಟಿಗೆ ಹಚ್ರಿ ಅಂದಿದ್ರೆಲ್ಲ, ಆ ಡಬ್ಬಿ ಜೋಡಿ ಸಾಬಣ್ಣನ ಗೋದಾಮಿನ್ಯಾಗಿನ ಡಬ್ಬಿನೂ ಟೆಸ್ಟ್ ಮಾಡಿಸಿದ್ವಿ. ಒಂದರಾಗೂ ಆ ಗಿಡ ಇಲ್ರಿ. ನೋಟಿಸ್ ಬಂದಾಗಿಂದ ಅಂಜಿ ಹಾಕೂದ ಬಿಟ್ಟಾನ; ಗಿರಾಕಿ ತಪ್ಪಬಾರದಂತ ಮ್ಯಾಲಿನ ಹೆಸರಷ್ಟ ಹಂಗ ಇಟ್ಟಾನ. ಒಳಗ ಬರೇ ಪುಟಾಣಿ ಕಡ್ಲಿ ಹಿಟ್ಟು, ಒಣಶುಂಠಿ." ಅವರು ಕಪಾಟಿನತ್ತ ಒಮ್ಮೆ ನೋಡಿದರು. "ಆ ಗಿಡದ ಸತ್ವ ಸಿಕ್ಕಿದ್ದು ನೀವು ಕೊಟ್ಟ ಅದೊಂದ ಡಬ್ಬ್ಯಾಗ."