ಶಾಂಭವಿ ಹೇಳದ ಮಾತು

"ಒಂದು ನಿಮಿಷ ಮಾತಾಡಬಹುದಾ?"

ತೆಲುಗಿನಲ್ಲಿ ಕೇಳುತ್ತಲೇ ಅವನು ಮೈಕನ್ನು ಅವಳ ಮುಖದ ಹತ್ತಿರ ತಂದುಬಿಟ್ಟ.

ಶಾಂಭವಿ ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದಳು. ಹೈದರಾಬಾದಿನ ಅಂಚಿನ ಪಟಾನ್‌ಚೆರುವಿನ ಔಷಧ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಸ್ಸಿಗೆ ನಿಂತಿದ್ದಳು. ಮಾತ್ರೆ ಡಬ್ಬಿಗಳಿಗೆ ಲೇಬಲ್ ಅಂಟಿಸಿ ಅಂಟಿಸಿ ಬೆರಳು ಮರಗಟ್ಟಿದ್ದವು. ಅಷ್ಟರಲ್ಲಿ ಇವನ್ಯಾರು?

ಪಕ್ಕದಲ್ಲಿ ನಿಂತಿದ್ದ ಗೆಳತಿ ವನಜಾಳ ಕಿವಿಯಲ್ಲಿ ಕನ್ನಡದಲ್ಲೇ ಪಿಸುಗುಟ್ಟಿದಳು. "ನೋಡಾಕ ಚಂದ ಅದಾನ... ಆದ್ರ ಜೇಬು ಕತ್ತರಸಾಂವನೋ ಏನೋ, ಯಾರಿಗ್ಗೊತ್ತು!"

"ಜೇಬು ಕತ್ತರಸಾಂವ ಅಲ್ರಿ," ಅವನೂ ಕನ್ನಡದಲ್ಲೇ ಅಂದ. "ಆದ್ರ ಚಂದ ಅದೀನಿ ಅಂದದ್ದು ಕೇಳಿಸ್ತು."

ಶಾಂಭವಿಯ ಮುಖ ಕೆಂಪೇರಿತು. ಅಯ್ಯೋ, ಭೂಮಿ ಬಾಯ್ಬಿಡಬಾರದೇ!

ಅವನ ಹೆಸರು ವಿಶ್ವಜಿತ್. ಅಜ್ಜನ ಕಾಲದಲ್ಲೇ ಹೈದರಾಬಾದಿಗೆ ಬಂದು ನೆಲೆಸಿದ ಕನ್ನಡದ ಮನೆತನ. ಲಕ್ಷಾಂತರ ಜನ ಕೇಳುವ ಒಂದು ತೆಲುಗು ಪಾಡ್‌ಕಾಸ್ಟ್‌ನಲ್ಲಿ ಕೆಲಸ. ಅದರಲ್ಲಿ ಮಾತಾಡುವವನು ತರುಣ ಎಂಬಾತ. ರೆಕಾರ್ಡ್ ಮಾಡಿ ಎಡಿಟ್ ಮಾಡುವವನು ಇವನು.

"ಕರ್ನಾಟಕದಿಂದ ಬಂದವರು ಇಲ್ಲಿಯವರ ಕೆಲಸ ಕಿತ್ತುಕೊಳ್ತಿದ್ದಾರೆ ಅಂತಾರಲ್ಲ, ನೀವೇನು ಹೇಳ್ತೀರಿ?" ಅವನು ಮೈಕು ಹಿಡಿದು ತೆಲುಗಿನಲ್ಲಿ ಕೇಳಿದ.

ಶಾಂಭವಿ ತನಗೆ ಬರುವ ತೆಲುಗಿನಲ್ಲಿ ಬಿಡಿಸಿ ಹೇಳಿದಳು. "ನಾವು ಇಲ್ಲಿಯವರ ಕೆಲಸ ಕಿತ್ತುಕೊಂಡಿದ್ದೀವಿ, ಕಡಿಮೆ ಕೂಲಿಗೆ ದುಡೀತೀವಿ ಅಂತ ಜನ ಹೇಳ್ತಾರೆ. ಅದು ಸುಳ್ಳು. ಕಡಿಮೆ ಕೂಲಿ ನಾವು ಕೇಳಿದ್ದಲ್ಲ, ಗುತ್ತಿಗೆದಾರ ಕೊಡೋದು. ನಮಗೂ ಅಷ್ಟೇ, ಇಲ್ಲಿಯವರಿಗೂ ಅಷ್ಟೇ."

ಅವಳು ಮುಗಿಸುವವರೆಗೂ ಅವನು ಕಣ್ಣು ಕದಲಿಸಲಿಲ್ಲ.

ಮರುದಿನವೂ ಬಂದ. ಅದರ ಮರುದಿನವೂ! ಈ ಸಲ ಮೈಕು ಇರಲಿಲ್ಲ.

"ನಿನ್ನ ದನಿ ಹಚ್ಚಿಕೊಂಡು ಕೂತ್ರ ಎಡಿಟ್ ಮಾಡೂದ ಮರತು ಹೋಗ್ತದ," ಅಂದ ಒಂದು ಭಾನುವಾರ, ಸುಲ್ತಾನ್ ಬಜಾರಿನ ಗದ್ದಲದಲ್ಲಿ ಅವಳಿಗೆ ದಾರಿ ಮಾಡಿಕೊಡುತ್ತ.

ಕಾಚಿಗೂಡದ ಒಂದೇ ಕೋಣೆಯ ಮನೆ, ಗೋಡೆಗೆ ಟೈಲ್ಸ್ ಕೂರಿಸುವ ಅಣ್ಣ ಅಂಬಾದಾಸ, ಕಾರ್ಖಾನೆ... ಇಷ್ಟೇ ಇದ್ದ ಅವಳ ಬದುಕಿನಲ್ಲಿ ಅವಳ ಮಾತನ್ನು ಇಷ್ಟು ಗಮನವಿಟ್ಟು ಕೇಳಿದವರು ಯಾರಿದ್ದರು? ಶಾಂಭವಿ ಸೋತುಹೋದಳು.

ಮೂರನೇ ವಾರ, ಬೆಳಿಗ್ಗೆ ಕೂಲಿಯವರು ಕೆಲಸಕ್ಕೆ ಕಾದು ನಿಲ್ಲುವ ಅಡ್ಡಾಕ್ಕೆ ಹೋಗಿದ್ದ ಅಂಬಾದಾಸನನ್ನು ಇಬ್ಬರು ಹಿಡಿದುಕೊಂಡು ಮನೆಗೆ ತಂದರು. ಹಣೆಯಲ್ಲಿ ರಕ್ತ. ಬಲಗೈ ಜೋತುಬಿದ್ದಿತ್ತು.

"ಅಣ್ಣಾ! ಯಾರು ಮಾಡಿದ್ರು?"

"ಕೂಲಿ ಅಡ್ಡಾದಾಗ... ಎಂಟ್ಹತ್ತು ಮಂದಿ. ನಮ್ಮ ಅನ್ನ ಕಸ್ಕೊಂಡೀರಿ ಅಂತ ಹೊಡದ್ರು." ಅವನು ತಂಗಿಯ ಮುಖವನ್ನೇ ನೋಡಿದ. "ಒಬ್ಬ ಫೋನ್ ಹಚ್ಚಿ ಎಲ್ಲಾರಿಗೂ ಕೇಳಸ್ತಿದ್ದ. ಅದರಾಗ ನಿನ್ನ ದನಿ ಇತ್ತು, ಶಾಂಭೂ."

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಅವಳು ಫೋನಿನಲ್ಲಿ ಆ ಪಾಡ್‌ಕಾಸ್ಟಿನ ಕಂತು ಹಚ್ಚಿದಳು.

ತರುಣನ ದನಿ ಗಟ್ಟಿಯಾಗಿತ್ತು. "ಈ ನಗರದ ಹತ್ತು ಕೂಲಿ ಕೆಲಸಗಳಲ್ಲಿ ಏಳು ಹೊರಗಿನವರ ಪಾಲು! ಸರ್ಕಾರ ಇದನ್ನು ಮುಚ್ಚಿಟ್ಟಿದೆ. ನಂಬಿಕೆ ಇಲ್ಲವಾ? ಅವರ ಬಾಯಿಂದಲೇ ಕೇಳಿ!"

ಆಮೇಲೆ ಅವಳದೇ ದನಿ. "ನಾವು ಇಲ್ಲಿಯವರ ಕೆಲಸ ಕಿತ್ತುಕೊಂಡಿದ್ದೀವಿ, ಕಡಿಮೆ ಕೂಲಿಗೆ ದುಡೀತೀವಿ."

ಅಷ್ಟೇ. ಅದರ ಮುಂದಿನದು ಇರಲಿಲ್ಲ.

ಮರುದಿನ ಸ್ಟುಡಿಯೋದ ಬಾಗಿಲಲ್ಲಿ ಅವಳನ್ನು ಕಂಡು ವಿಶ್ವಜಿತ್ ಬಿಳಿಚಿಹೋದ.

"ಶಾಂಭವಿ... ನಾ ಪೂರ್ತಿ ಇಟ್ಟಿದ್ದೆ. ಕತ್ತರಸು ಅಂದಾಂವ ತರುಣ."

"ಕತ್ತರಿಸಿದ ಕೈ ಯಾರದು?"

ಅವನು ತಲೆ ತಗ್ಗಿಸಿದ. "...ನಂದು."

"ಹತ್ತಕ್ಕ ಏಳು ಅನ್ನೂದು ಎಲ್ಲಿಂದ ಬಂತು?"

"ಎಲ್ಲಿಂದಲೂ ಇಲ್ಲ. ಎರಡು, ಮೂರು ಅಂದ್ರ ಯಾರು ಕೇಳ್ತಾರ ಅಂದ ತರುಣ. ಕತ್ತರಸಲಿಲ್ಲಂದ್ರ ನನ್ನ ಕೆಲಸ ಹೋಗ್ತಿತ್ತು... ಹೆದರಿದೆ."

"ನಮ್ಮಣ್ಣನ ಕೈ ಎರಡು ಕಡೆ ಮುರದೈತಿ, ವಿಶ್ವಜಿತ್! ಇನ್ನ ಅಂವ ಟೈಲ್ಸ್ ಎತ್ತಾಂಗಿಲ್ಲ ಅಂದಾರ ಡಾಕ್ಟರ್." ಅವಳು ಒಂದು ಹೆಜ್ಜೆ ಮುಂದೆ ಬಂದಳು. "ನನ್ನ ಜೋಡಿ ತಿರಗಿದ್ದೂ ಇದಕ್ಕೇನು? ನನ್ನ ದನಿ ಬೇಕಿತ್ತಂತನ?"

"ಅಲ್ಲ! ಖರೇನ ಅಲ್ಲ..."

ಒಳಗಿಂದ ತರುಣ ಇಣುಕಿ, ಏನೂ ಆಗಿಲ್ಲವೆಂಬಂತೆ ತೆಲುಗಿನಲ್ಲಿ ಅಂದ. "ಅಮ್ಮಾ, ಮುಂದಿನ ವಾರ ತಿದ್ದುಪಡಿ ಹಾಕೋಣ ಬಿಡಿ."

ತಿದ್ದುಪಡಿ ಹಾಕಿದರು. ಕಂತಿನ ಕೆಳಗೆ, ಸಣ್ಣ ಅಕ್ಷರದಲ್ಲಿ, ಒಂದೇ ಸಾಲು. ಅದನ್ನು ಓದಿದವರನ್ನು ಶಾಂಭವಿ ಇವತ್ತಿಗೂ ಕಂಡಿಲ್ಲ.

ಕಾರ್ಖಾನೆಯಲ್ಲಿ ಅವಳಿಗೆ ಇನ್ನು ಕೆಲಸಕ್ಕೆ ಬರಬೇಡ ಅಂದರು. ಓಣಿಯ ಕನ್ನಡದವರೂ ಮುಖ ತಿರುಗಿಸಿದರು. "ನಮ್ಮ ಹುಡುಗ್ರು ಹೆದರಿ ಊರಿಗಿ ಹೊಂಟಾರ. ನಿನಗ ಯಾಕ ಬೇಕಿತ್ತವಾ ಮೈಕಿನಾಗ ಮಾತು?" ಅಂದಳು ಎದುರು ಮನೆಯ ಗೋದಾವರಿ.

ಕೊನೆಗೆ ಸುಲ್ತಾನ್ ಬಜಾರಿನ ಸೀರೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿತು. ಮಾಲೀಕನದು ಒಂದೇ ಷರತ್ತು. ಗಿರಾಕಿಗಳ ಮುಂದೆ ಕನ್ನಡ ಆಡಬಾರದು.

ಅವಳು ಒಪ್ಪಿಕೊಂಡಳು. ವಿಶ್ವಜಿತ್‌ನ ಕರೆಗಳನ್ನು ಮಾತ್ರ ಒಂದನ್ನೂ ಎತ್ತಲಿಲ್ಲ. ಆದರೆ ರಿಂಗ್ ನಿಲ್ಲುವವರೆಗೂ ಫೋನನ್ನೇ ನೋಡುತ್ತಿದ್ದಳು. ಥೂ, ಇನ್ನೂ ಯಾಕ ನೆನಸ್ತೀನಿ ಅವನ್ನ?

ಎರಡು ತಿಂಗಳಾದ ಮೇಲೆ ವನಜಾ ಅಂಗಡಿಗೆ ಓಡಿಬಂದಳು. "ಅಂವ ಆ ಕೆಲಸ ಬಿಟ್ಟಾನಂತ! ದಿನಾ ಮುಂಜಾನಿ ನಿಮ್ಮಣ್ಣಗ ಹೊಡದ ಅಡ್ಡಾಕ್ಕ ಹೋಗಿ ನಿಲ್ತಾನಂತ."

ಮರುದಿನ ಬೆಳಿಗ್ಗೆ ಶಾಂಭವಿ ಅಲ್ಲಿಗೆ ಹೋದಳು.

ಗುದ್ದಲಿ, ಬಾಂಡ್ಲಿ ಹಿಡಿದು ನಿಂತವರ ನಡುವೆ ವಿಶ್ವಜಿತ್ ಒಂದು ಸಣ್ಣ ಸ್ಪೀಕರ್ ಎತ್ತಿ ಹಿಡಿದಿದ್ದ. ಅವಳ ದನಿ ಕೇಳಿಸುತ್ತಿತ್ತು. ಈ ಸಲ ಪೂರ್ತಿಯಾಗಿ.

"ಇದನ್ನು ಕತ್ತರಿಸಿದ್ದು ನಾನು," ತೆಲುಗಿನಲ್ಲಿ ಕೂಗಿ ಹೇಳುತ್ತಿದ್ದ. "ಹತ್ತಕ್ಕೆ ಏಳು ಅನ್ನೋದು ಸುಳ್ಳು. ಆ ಹುಡುಗಿ ಹಾಗೆ ಹೇಳಲೇ ಇಲ್ಲ."

ಒಬ್ಬ ನಕ್ಕ. "ಅಷ್ಟು ಲಕ್ಷ ಜನ ಕೇಳಿದ್ದು ಸುಳ್ಳು, ನೀನೊಬ್ಬ ಹೇಳೋದು ನಿಜವಾ?"

"ಕರ್ನಾಟಕದವರು ಎಷ್ಟು ಕೊಟ್ಟರೋ ಇವನಿಗೆ!" ಇನ್ನೊಬ್ಬ ಅವನ ಎದೆಗೆ ಕೈ ಹಾಕಿ ತಳ್ಳಿದ. ಸ್ಪೀಕರ್ ರಸ್ತೆಗೆ ಬಿತ್ತು. ಲಾರಿಯೊಂದು ಬಂದು ನಿಂತದ್ದೇ ಎಲ್ಲರೂ ಕೆಲಸಕ್ಕಾಗಿ ಆ ಕಡೆ ಓಡಿದರು.

ಶಾಂಭವಿ ಬಗ್ಗಿ ಸ್ಪೀಕರ್ ಎತ್ತಿಕೊಟ್ಟಳು. ಅವನು ತಲೆ ಎತ್ತಿದ.

"ಎಷ್ಟು ದಿನ ಆತು ಹಿಂಗ ಬರಾಕತ್ತಿ?"

"ಹತ್ತೊಂಬತ್ತು."

"ಎಷ್ಟು ಮಂದಿ ನಂಬಿದ್ರು?"

"ಇಬ್ಬರು." ಅವನ ನಗೆಯಲ್ಲಿ ಅಳುವಿತ್ತು. "ನಿನ್ನ ಜೋಡಿ ತಿರಗಿದ್ದು ದನಿಗೋಸ್ಕರ ಅಲ್ಲ, ಶಾಂಭವಿ. ನಾ ನಿನ್ನ ಪ್ರೀತಿ ಮಾಡಿದೆ. ಪ್ರೀತಿ ಮಾಡಿಯೂ ಕತ್ತರಿಸಿದೆ. ಅದು ಇನ್ನೂ ಕೆಟ್ಟದ್ದು... ನನಗ ಗೊತ್ತದ."

ತಡೆಹಿಡಿದಿದ್ದ ಕಣ್ಣೀರು ಅವಳ ಕೆನ್ನೆಗಿಳಿಯಿತು.

"ಅಣ್ಣನ ಕೈ ಸರಿ ಆಗಂಗಿಲ್ಲ. ಅಂವ ನಿನ್ನ ಮುಖಾನೂ ನೋಡಂಗಿಲ್ಲ ಅಂತಾನ."

"ನೋಡಬಾರದು."

"ನನಗೂ ನಿನ್ನ ನಂಬಾಕ ಆಗವಲ್ದು."

"ಗೊತ್ತದ."

"ಆದ್ರ ಬಿಟ್ಟಿರಾಕೂ ಆಗವಲ್ದು, ವಿಶ್ವಜಿತ್!" ಅವಳು ಸೆರಗಿನಿಂದ ಮುಖ ಒತ್ತಿಕೊಂಡಳು. "ಎರಡು ತಿಂಗಳಿಂದ ಭಾಳ ಬೈಕೊಂಡೀನಿ ನನಗ ನಾನ. ಆದ್ರೂ ಆಗವಲ್ದು..."

ಅವನು ಕೈ ಚಾಚಿದ. ಅವಳು ತಕ್ಷಣ ಹಿಡಿಯಲಿಲ್ಲ. ಬಹಳ ಹೊತ್ತಿನ ಮೇಲೆ, ಎರಡೇ ಬೆರಳು ಹಿಡಿದಳು.

"ನಾಳೆ ಎಷ್ಟಕ್ಕ ಬರ್ತಿ?"

"ಆರಕ್ಕ."

"ನಾನೂ ಬರ್ತೀನಿ. ನನ್ನ ಬಾಯಿಲೆ ನಾನ ಹೇಳ್ತೀನಿ."

"ಬೈತಾರ, ಶಾಂಭವಿ. ನಂಬಂಗಿಲ್ಲ."

"ಬೈಲಿ. ನೀ ನನ್ನ ಬಾಜೂಕ ನಿಲ್ತಿಯೋ ಇಲ್ಲೋ?"

"ನಿಲ್ತೀನಿ."