ಗುರುವಪ್ಪನ ನಿದ್ದೆ

“ನನ್ನ ಬುಟ್ಟಿ ಕದ್ದು ಎಲ್ಲಿಟ್ರಿ?”

ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಚೆನ್ನು ಕೇಳಿದಳು. ಪೆರಾಬೆಯಿಂದ ಬಸಳೆ ತಂದು ಮಾರುವ ವಿಧವೆ. ಐವತ್ತು ದಾಟಿದರೂ ಸ್ವರದಲ್ಲಿ ಮೊನಚಿತ್ತು. ಎದುರಿಗಿದ್ದವನು ಗುರುವಪ್ಪ, ಅಂಗಡಿ ಜಗಲಿಯಲ್ಲಿ ಮಲಗುವ ಮುದುಕ.

ಅವನು ಗೋಡೆಯ ನೆರಳಿನತ್ತ ಕೈ ತೋರಿಸಿದ. “ಅಲ್ಲಿ ಉಂಟು. ಬಿಸಿಲಿಗೆ ಸೊಪ್ಪು ಬಾಡ್ತಿತ್ತು.”

ಮರುದಿನ ಅವಳು ಬಾಳೆಲೆಯಲ್ಲಿ ಬೇಯಿಸಿದ ಗೆಣಸು ತಂದಳು.

“ಕಳ್ಳನಿಗೆ ಗೆಣಸು ಕೊಡುದಾ?”

“ಕದಿಯಲಿಕ್ಕೂ ಶಕ್ತಿ ಬೇಕಲ್ಲ ಮಾರಾಯ್ರೆ,” ಎಂದು ಮುಖ ತಿರುಗಿಸಿ ನಕ್ಕಳು. ಆಮೇಲೆ ಅವನ ಹೆಸರು ಕೇಳಿದಳು. ಗುರುವಪ್ಪ ತನ್ನ ಹೆಸರನ್ನು ಎರಡು ಸಲ ಹೇಳಿದ. ಪೇಟೆಗೆಲ್ಲ ಅವನು ಬರೀ ‘ಅಜ್ಜ’.

ಎಪ್ಪತ್ತರ ದಶಕದ ಆರಂಭದಲ್ಲಿ ಹಂಚಿನ ಕಾರ್ಖಾನೆ ಮುಚ್ಚಿದಾಗ ಕೆಲಸದೊಂದಿಗೆ ಅವನ ಬಾಡಿಗೆ ಕೋಣೆಯೂ ಹೋಗಿತ್ತು. ಬೇರೆ ಕೆಲಸ ಸಿಗುವವರೆಗೆ ಅಂತ ಜಗಲಿಯಲ್ಲಿ ಮಲಗಿದವನು ಅಲ್ಲೇ ಮುದುಕನಾದ. ಹಗಲು ಮೂಟೆ ಹೊರುವುದು, ಸಂಜೆ ಬಾವಿಕಟ್ಟೆಯಲ್ಲಿ ಇದ್ದೊಂದು ಅಂಗಿ ಒಗೆದು ಒದ್ದೆಯಲ್ಲೇ ಹಾಕಿಕೊಳ್ಳುವುದು. ಈಗೀಗ ಹೆಗಲಿಗೆ ಮೂಟೆಯೂ ಏರುತ್ತಿರಲಿಲ್ಲ.

ಚೆನ್ನು ಬರುವ ದಿನ ಅವನು ಗಡ್ಡ ಬೋಳಿಸತೊಡಗಿದ. ಅವಳು ನೋಡಿಯೂ ನೋಡದವಳಂತೆ ಸೊಪ್ಪಿಗೆ ನೀರು ಚಿಮುಕಿಸುತ್ತಿದ್ದಳು. ತಡೆದ ನಗುವಿಗೆ ಕೆನ್ನೆ ಮಾತ್ರ ಸುಮ್ಮನಿರುತ್ತಿರಲಿಲ್ಲ.

ಎಂಬತ್ತೆರಡನೇ ಇಸವಿಯಲ್ಲಿ ಅವನು ಜ್ವರದಿಂದ ಮಲಗಿಬಿಟ್ಟ. ಚೆನ್ನು ಬುಟ್ಟಿಯ ಜೊತೆ ಕಷಾಯವನ್ನೂ ಹೊತ್ತು ಬಂದಳು. ಜ್ವರ ಇಳಿದ ದಿನ ಅವನ ಪಕ್ಕ ಕೂತು ಹೇಳಿದಳು, “ನಮ್ಮ ಮನೆಗೆ ಬನ್ನಿ.”

“ಊರಿನವರು ಎಂತ ಹೇಳ್ತಾರೆ?”

“ಹೇಳಲಿ. ದಿನಾ ಒಬ್ಬಳೇ ಉಣ್ಣುದು ನಾನು, ಅವರಲ್ಲ.”

ಗುರುವಪ್ಪ ನೆಲ ನೋಡಿದ. “ಮನೆಯಲ್ಲಿ ಇರುದು ಹೇಗೆ ಅಂತಲೇ ಮರೆತುಹೋಗಿದೆ, ಚೆನ್ನು.”

ಅವನ ಬಾಯಲ್ಲಿ ತನ್ನ ಹೆಸರು ಅವಳು ಕೇಳಿದ್ದು ಅದೇ ಮೊದಲು. ಸೆರಗು ಸೊಂಟಕ್ಕೆ ಸಿಕ್ಕಿಸಿ ಬುಟ್ಟಿ ಎತ್ತಿಕೊಂಡಳು.

“ನಾನು ಹೇಳಿಕೊಡ್ತೇನೆ. ಬಸ್ಸು ಬಂತು, ಏಳಿ.”

ಆ ಮಧ್ಯಾಹ್ನ ಗಂಜಿ ಉಂಡು ಅವನು ಅವಳ ಮನೆಯ ಮುಂಭಾಗದ ಚಾವಡಿಯಲ್ಲಿ ಒರಗಿದ. ಕಣ್ಣು ಹತ್ತಿತು. ತಲೆದಿಂಬು ಕೊಡಲು ಬಂದ ಚೆನ್ನು ಹೆಗಲು ಮುಟ್ಟಿದ್ದೇ ತಡ, ಅವನು ಬೆಚ್ಚಿ ಎದ್ದು ಜಗಲಿಯಿಂದ ತಂದಿದ್ದ ಹಾಸುಬಟ್ಟೆಯ ಗಂಟು ಅಪ್ಪಿಕೊಂಡ.

“ಹೋಗ್ತೇನೆ, ಈಗಲೇ ಹೋಗ್ತೇನೆ.”

ಅಷ್ಟು ವರ್ಷ ಅವನನ್ನು ಎಬ್ಬಿಸಿದವರೆಲ್ಲ ಓಡಿಸಲೆಂದೇ ಎಬ್ಬಿಸಿದ್ದರು.

ಚೆನ್ನು ಅವನ ತೋಳಿನಿಂದ ಗಂಟನ್ನು ಮೆಲ್ಲನೆ ಬಿಡಿಸಿ ಬದಿಗಿಟ್ಟಳು. ಅವನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

“ನಾನು, ಚೆನ್ನು. ಎಲ್ಲಿಗೂ ಹೋಗುದು ಬೇಡ.”

ಅವನು ಅವಳ ಮುಖವನ್ನೇ ನೋಡುತ್ತಾ ಮತ್ತೆ ಮಲಗಿದ. ಒಳಗೆ ಒಲೆಯ ಮೇಲಿನ ನೀರು ಕುದಿದು ಬತ್ತುವ ಸದ್ದು ಕೇಳಿಸುತ್ತಿದ್ದರೂ ಅವಳು ಕೈ ಬಿಟ್ಟು ಏಳಲಿಲ್ಲ.