ಬೆನ್ನು ಸುಟ್ಟ ಕೋಟು

"ಒಂದು ಮಾತು ಹೇಳ್ಬೇಕು. ಕೋಪ ಮಾಡ್ಕೋಬಾರದು."

ಲಾಂಡ್ರಿಯ ಕೌಂಟರಿನ ಆಚೆ ನಿಂತಿದ್ದ ಹುಡುಗ ತಲೆ ಎತ್ತಿದ. ಬಿಳಿ ಶರ್ಟು, ಟೈ, ನೀರು ಹಚ್ಚಿ ಬಾಚಿದ ಕೂದಲು... ಎಲ್ಲ ಸಿದ್ಧವಾಗಿತ್ತು. ಕೋಟೊಂದು ಬಾಕಿ.

"ಕೋಟು ರೆಡಿ ಇಲ್ವಾ?"

"ಇದೆ. ಸ್ವಲ್ಪ ಜಾಸ್ತೀನೇ ರೆಡಿ ಆಗಿಬಿಟ್ಟಿದೆ."

ಲಾಂಡ್ರಿಯ ಹುಡುಗಿ ಕೋಟನ್ನು ತಿರುಗಿಸಿ ಕೌಂಟರಿನ ಮೇಲೆ ಹರಡಿದಳು. ಬೆನ್ನಿನ ನಟ್ಟನಡುವೆ ಅಂಗೈಯಗಲದ ಕಂದು ಕಲೆ. ಇಸ್ತ್ರಿ ಪೆಟ್ಟಿಗೆಯ ಮೂತಿ ಅಚ್ಚು ಒತ್ತಿದ ಹಾಗೆ ಮೂಡಿತ್ತು.

ಅವಳು ಕೌಂಟರಿನ ಅಂಚು ಹಿಡಿದುಕೊಂಡು ಕಾದಳು. ಈಗ ಬೈತಾನೆ... ಅಮ್ಮನನ್ನ ಕರಿ ಅಂತಾನೆ... ಬೀದಿಯೆಲ್ಲ ಸೇರಿಸ್ತಾನೆ...

ಹುಡುಗ ಕಲೆಯನ್ನೇ ನೋಡಿದ. ಆಮೇಲೆ ಅವಳ ಮುಖ ನೋಡಿದ. ಆಮೇಲೆ ಮತ್ತೆ ಕಲೆ.

"ಇನ್ನೊಂದು ಗಂಟೇಲಿ ನನಗೆ ಕಾಲೇಜಿನ ಸಂದರ್ಶನ ಇದೆ. ಕೋಟು ಕಡ್ಡಾಯ ಅಂತ ಬರೆದಿದ್ದಾರೆ" ಅಂದ ಮೆಲ್ಲಗೆ.

ಈ ಅನಾಹುತ ಆಗಿದ್ದು ಹೇಗೆ ಅಂತ ಹೇಳಿಬಿಡುತ್ತೇನೆ. ನಮ್ಮ ಹುಡುಗಿ ಇಸ್ತ್ರಿ ಹಾಕುತ್ತಲೇ ಫೋನಿನಲ್ಲಿ ಒಂದು ಕಾಲೇಜಿನ ಚಿತ್ರಗಳನ್ನು ನೋಡುತ್ತಿದ್ದಳು. ಜವಳಿ ವಿಭಾಗ. ಉದ್ದನೆಯ ಕೋಣೆ, ಸಾಲಾಗಿ ಮಗ್ಗಗಳು, ಬಣ್ಣದ ನೂಲಿನ ಉಂಡೆಗಳು. ಅದರ ಕೆಳಗೆ ಒಂದು ಸಾಲು: 'ಎ ಶ್ರೇಣಿಯವರಿಗೆ ಆದ್ಯತೆ.' ಅವಳದು ಒಂದನೇ ಕ್ಲಾಸಿನಿಂದಲೂ ಬಿ. ಮನೆಯಲ್ಲಿದ್ದ ಎ ಗಳನ್ನೆಲ್ಲ ಅಕ್ಕನೇ ಗುಡಿಸಿಕೊಂಡು ಹೋಗಿದ್ದಳು. ಆ ಸಾಲು ಓದಿ ಅವಳ ಕೈ ನಿಂತುಹೋಯಿತು. ಕೈ ಕೆಳಗಿನ ಇಸ್ತ್ರಿಯೂ ನಿಂತಿತು.

"ಮುಂದಿನ ಭಾಗಕ್ಕೆ ಒಂದು ಚೂರೂ ಏನೂ ಆಗಿಲ್ಲ" ಅಂದಳು ಅವಳು ಅವಸರವಾಗಿ. "ಅವರು ಎದುರಿಗೇ ಕೂತಿರ್ತಾರಲ್ವಾ? ನೆಟ್ಟಗೆ ಒಳಗೆ ಹೋಗಿ, ಕೂತ್ಕೊಳ್ಳಿ, ಮಾತಾಡಿ. ಎದ್ದು ಬರುವಾಗ ಮಾತ್ರ ಬೆನ್ನು ತೋರಿಸ್ಬೇಡಿ."

"ಅಂದ್ರೆ ಹಿಂದಕ್ಕೆ ನಡ್ಕೊಂಡು ಬರ್ಬೇಕಾ?"

"ಬಾಗಿಲು ಎಲ್ಲಿದೆ ಅಂತ ಮೊದಲೇ ನೋಡಿಟ್ಕೊಂಡಿರಿ."

ಹುಡುಗ ಕೋಟನ್ನೊಮ್ಮೆ, ಬಾಗಿಲನ್ನೊಮ್ಮೆ ನೋಡಿದ. ಆಮೇಲೆ ನಕ್ಕುಬಿಟ್ಟ. ಹೊಟ್ಟೆ ಹಿಡಿದುಕೊಂಡು, ಟೈ ಓರೆಯಾಗುವಷ್ಟು ನಕ್ಕ. ಸುಟ್ಟ ಕೋಟು ತೊಟ್ಟು, ಕೌಂಟರಿಗೆ ಮುಖ ಮಾಡಿಕೊಂಡೇ ಮೆಟ್ಟಿಲಿಳಿದು ಅಭ್ಯಾಸ ಮಾಡಿ ತೋರಿಸಿದ.

ಅವನು ಕಣ್ಮರೆಯಾದ ಮೇಲೂ ಅವಳ ಕಿವಿ ಬಿಸಿಯಾಗೇ ಇತ್ತು. ಇಸ್ತ್ರಿ ಪೆಟ್ಟಿಗೆ ಪಕ್ಕದಲ್ಲಿದ್ದದ್ದಕ್ಕೆ ಇರಬೇಕು ಅಂದುಕೊಂಡಳು ಪಾಪ.

* * *

ಸಂಜೆ ಅವನು ಮತ್ತೆ ಬಂದ.

"ಏನಾಯ್ತು? ಯಾರಾದ್ರೂ ನೋಡಿದ್ರಾ?" ಅವಳು ಕೌಂಟರಿನಿಂದ ಬಗ್ಗಿ ಕೇಳಿದಳು.

ಅವನು ಚೂರು ತಡೆದು ಹೇಳಿದ. "ಇಲ್ಲ. ಯಾರೂ ಗಮನಿಸ್ಲಿಲ್ಲ."

ಆ ಚೂರು ತಡವನ್ನು ನೀವು ನೆನಪಿಟ್ಟುಕೊಳ್ಳಿ. ಅವಳು ಅದನ್ನು ಗಮನಿಸಲಿಲ್ಲ. ಸದ್ಯ ಬದುಕಿದೆ ಅನ್ನುವ ಸಂತೋಷದಲ್ಲಿ ಕೋಟು ಕಿತ್ತುಕೊಂಡು, "ಇದನ್ನ ನಾನೇ ಸರಿ ಮಾಡಿಕೊಡ್ತೀನಿ. ಸುಟ್ಟಿದ್ದು ಕತ್ತರಿಸಿ, ಒಳಮಡಿಕೆ ಬಟ್ಟೆಯಲ್ಲೇ ತೇಪೆ ಹಾಕಿ, ಇದರದೇ ನೂಲು ಎಳೆದು ರಫು ಮಾಡ್ತೀನಿ. ಆದ್ರೆ ನಿಧಾನ ಆಗುತ್ತೆ" ಅಂದಳು.

"ನನಗೇನೂ ಅವಸರ ಇಲ್ಲ."

ಅವಸರ ಇಲ್ಲದವನು ದಿನಾ ಸಂಜೆ ಬಂದು ಕೋಟಿನ ಕ್ಷೇಮ ವಿಚಾರಿಸತೊಡಗಿದ. ಎದುರು ಸಾಲಿನ ಜೆರಾಕ್ಸ್ ಅಂಗಡಿ ಅವನ ಚಿಕ್ಕಪ್ಪನದು. ಅಲ್ಲಿ ಗಿರಾಕಿ ಕಡಿಮೆಯಾದ ಕೂಡಲೇ ಇಲ್ಲಿ ಹಾಜರು. ಹೋಗುವಾಗ ಪ್ರತಿ ಸಲವೂ ಹಿಂದಕ್ಕೆ ನಡೆದುಕೊಂಡೇ ಹೋಗುತ್ತಿದ್ದ. ಅವಳು ಅವನನ್ನು 'ಕೋಟು' ಅಂತ ಕರೆದಳು. ಅವನು ಅವಳನ್ನು 'ಇಸ್ತ್ರಿ' ಅಂದ. 'ನೀವು' ಹೋಗಿ 'ನೀನು' ಬಂದಿದ್ದು ಯಾವಾಗ ಅಂತ ಇಬ್ಬರಿಗೂ ಗೊತ್ತಾಗಲಿಲ್ಲ.

ಅಮ್ಮನಿಗೆ ಗೊತ್ತಾಗಿತ್ತು. "ಪುಟ್ಟಿ, ಮದುವೆ ಸೀರೆಗಳನ್ನೇ ಎರಡು ದಿನದಲ್ಲಿ ರಫು ಮಾಡಿ ಕಳಿಸ್ತೀಯ. ಈ ಕೋಟಿಗೆ ಅಂಥಾದ್ದೇನು ಬಂದಿದೆ?"

"ನೂಲು ತೀರಾ ಸಣ್ಣದಮ್ಮ."

"ಹೂಂ. ನಿನ್ನ ಕಣ್ಣಿಗೆ ಅದು ಬಿಟ್ಟು ಬೇರೆ ಕಾಣಿಸ್ತಾನೂ ಇಲ್ಲ" ಅಂದು ಅಮ್ಮ ಹಬೆಯ ಮರೆಯಲ್ಲಿ ನಕ್ಕರು.

ಒಂದು ಸಂಜೆ ಅವಳು ಮನಸ್ಸು ಬಿಚ್ಚಿದಳು. ಜವಳಿ ವಿಭಾಗದ ಚಿತ್ರ ತೋರಿಸಿದಳು. ಅದು ಅವನು ಸಂದರ್ಶನಕ್ಕೆ ಹೋಗಿದ್ದ ಕಾಲೇಜೇ. ಅವನು ನಕ್ಷೆ ಬಿಡಿಸುವುದನ್ನು ಕಲಿಯಲು ಭೂಗೋಳಕ್ಕೆ ಹಾಕಿದ್ದ. ಅದರ ಸಂದರ್ಶನ ಮೊದಲು, ಜವಳಿಗೆ ಅರ್ಜಿ ಹಾಕಲು ಇನ್ನೂ ದಿನವಿತ್ತು.

"ಆದ್ರೆ ನನಗೆ ಎಲ್ಲದ್ರಲ್ಲೂ ಬಿ" ಅಂದಳು.

"ನನಗೆ ಎಲ್ಲದ್ರಲ್ಲೂ ಬಿ ಕೂಡ ಇಲ್ಲ. ಚಿತ್ರಕಲೇಲಿ ಸಿ."

"ತಮಾಷೆ ಸಾಕು. ಅಮ್ಮ ಇದೇ ಬೀದಿ ಕೊನೇಲಿರೋ ವಾಣಿಜ್ಯ ಕಾಲೇಜಿಗೆ ಹಾಕು ಅಂತಾರೆ. ಅಲ್ಲಿ ಅರ್ಜಿ ಹಾಕಿದವರಿಗೆಲ್ಲ ಸೀಟು."

"ಹಾಕು. ಅದು ಆಸರೆ ಕಾಲೇಜು. ಅದು ಇರ್ಲೇಬೇಕು. ಆಮೇಲೆ ಒಂದು ಅಂದಾಜಿನ ಕಾಲೇಜು. ನಮ್ಮಂಥ ಮಾರ್ಕ್ಸಿನವರು ಸುಮಾರು ಜನ ಸೇರಿರೋದು. ಅದರ ಮೇಲೆ ಒಂದು ಆಸೆ ಕಾಲೇಜು. ನಾನು ಮೂರಕ್ಕೂ ಹಾಕಿದೀನಿ. ಬಿ ಬಂದವರು ಆಸೆ ಪಡಬಾರದು ಅಂತ ಎಲ್ಲಿ ಬರೆದಿದೆ?"

"ಇಲ್ಲೇ ಬರೆದಿದೆ ನೋಡು. ಎ ಶ್ರೇಣಿಯವರಿಗೆ ಆದ್ಯತೆ."

"ಆದ್ಯತೆ ಅಂದ್ರೆ ಅವರು ಮೊದಲು ಅಂತ. ಅವರಿಗೆ ಮಾತ್ರ ಅಂತಲ್ಲ."

ಇಷ್ಟು ದಿನದಿಂದ ಅದೇ ಸಾಲನ್ನು ಓದುತ್ತಿದ್ದಳು, ಹೀಗೆ ಓದಿರಲೇ ಇಲ್ಲ. ಆ ಕಾಲೇಜಿಗೆ ಸೇರಲಾಗದಿದ್ದರೆ ಜನ್ಮವಿಡೀ ಬೇರೆಯವರು ನೇಯ್ದ ಬಟ್ಟೆಯ ಸುಕ್ಕು ತೆಗೆಯುತ್ತಲೇ ಇರುತ್ತೇನೆ ಅನ್ನುವ ಭಯ ಅವಳಿಗೆ. ಅರ್ಜಿಯನ್ನೇ ಹಾಕದಿದ್ದರೆ ಆ ಭಯ ನಿಜವಾಗುವುದು ಖಂಡಿತ ಅಂತ ಅವತ್ತೇ ಹೊಳೆದದ್ದು.

ಕೊನೆಯ ದಿನಾಂಕಕ್ಕೆ ಮುಂಚೆ ಅವಳ ಮೂರು ಅರ್ಜಿಗಳೂ ಹೋದವು.

ಅದೇ ವಾರ ಅವನ ಫಲಿತಾಂಶ ಬಂತು. ಆಸೆ ಕಾಲೇಜು ಸಿಗಲಿಲ್ಲ.

"ಕೋಟಿನಿಂದಾನಾ?" ಅವಳ ಕಣ್ಣು ತುಂಬಿಬಂತು.

"ಛೆ, ಕೋಟಿಗೂ ಅದಕ್ಕೂ ಏನು ಸಂಬಂಧ? ಮಾರ್ಕ್ಸ್ ಸಾಲಲಿಲ್ಲ ಅಷ್ಟೇ. ಯಾರೂ ನೋಡೇ ಇಲ್ಲ ಅಂದ್ನಲ್ಲ..."

* * *

ಅವಳಿಗೆ ಸಂದರ್ಶನದ ಕರೆ ಬಂತು. ಅಕ್ಕನ ಕೋಟು ತೊಟ್ಟು ಹೋದಳು. ಇಸ್ತ್ರಿ ಮಾತ್ರ ಅಮ್ಮನೇ ಹಾಕಿದ್ದರು, ಅವಳ ಕೈಗೆ ಕೊಡಲಿಲ್ಲ.

ಉದ್ದ ಮೇಜಿನ ಹಿಂದೆ ಎಲ್ಲ ವಿಭಾಗದ ಅಧ್ಯಾಪಕರೂ ಸಾಲಾಗಿ ಕೂತಿದ್ದರು. ನಡುವೆ ದಪ್ಪ ಕನ್ನಡಕದ ಜವಳಿ ಮೇಡಂ.

"ಮನೇಲಿ ಏನು ಕೆಲಸ?"

"ಲಾಂಡ್ರಿ ಇದೆ ಮೇಡಂ. ಹಳೇ ಬಸ್ ನಿಲ್ದಾಣದ ಹಿಂದೆ."

ಮೇಜಿನ ಹಿಂದೆ ಎಲ್ಲರೂ ಮುಖ ಮುಖ ನೋಡಿಕೊಂಡರು. ಮೇಡಂ ಕನ್ನಡಕ ತೆಗೆದರು. "ಆ ಇಸ್ತ್ರಿ ಹುಡುಗಿ ನೀನೇನಾ? ಭೂಗೋಳಕ್ಕೆ ಬಂದಿದ್ದ ಹುಡುಗನೊಬ್ಬ ಹಿಂದಕ್ಕೆ ನಡೀತಾ ಹೋಗಿ ನಮ್ಮ ಹೂಕುಂಡ ಬೀಳಿಸಿದ. ಯಾಕಪ್ಪಾ ಅಂತ ಕೇಳಿದ್ರೆ ತಿರುಗಿ ನಿಂತು ಬೆನ್ನು ತೋರಿಸಿದ. ಕಥೆ ಪೂರ್ತಿ ಹೇಳಿದ. ಅವತ್ತು ನಾವು ನಕ್ಕಿದ್ದೇ ನಕ್ಕಿದ್ದು."

ಮೇಡಂ ಇನ್ನೂ ಏನೋ ಹೇಳುತ್ತಿದ್ದರು. ಅವಳ ಕಿವಿಗೆ ಬೀಳಲಿಲ್ಲ. ಯಾರೂ ಗಮನಿಸ್ಲಿಲ್ಲ ಅಂದಿದ್ದ... ಇಷ್ಟು ಜನರ ಮುಂದೆ ನನ್ನ ಕಥೆ ಹೇಳಿ ನಗಿಸಿ, ನನ್ನ ಹತ್ರ ಬಂದು ಸುಳ್ಳು ಹೇಳಿದ... ದಿನಾ ಸಂಜೆ, ಎದುರಿಗೇ ಕೂತು...

"ಯಾಕೆ ಸುಟ್ಟಿತು ಹೇಳು ನೋಡೋಣ" ಅಂದರು ಮೇಡಂ.

ಅವಳು ತಲೆ ಎತ್ತಿ ಮೇಡಂ ಮುಖ ನೋಡಿದಳು. ಇನ್ನು ಮುಚ್ಚಿಡುವುದಕ್ಕೆ ಉಳಿದಿದ್ದಾದರೂ ಏನು?

"ನನ್ನದೇ ತಪ್ಪು ಮೇಡಂ. ಉಣ್ಣೆ ಅಂತ ಲೇಬಲ್ ಇತ್ತು, ನಂಬಿದೆ. ಮುಟ್ಟಿ ನೋಡ್ಬೇಕಿತ್ತು. ಅದ್ರಲ್ಲಿ ಪಾಲಿಯೆಸ್ಟರ್ ಬೆರಕೆ ಇತ್ತು, ಅದು ಅಷ್ಟು ಶಾಖ ತಡೆಯಲ್ಲ. ಮೇಲಾಗಿ ನಾನು ಇಸ್ತ್ರಿ ಎತ್ತದೆ ನಿಮ್ಮ ಮಗ್ಗದ ಕೋಣೆ ಫೋಟೋ ನೋಡ್ತಾ ನಿಂತಿದ್ದೆ."

ಈ ಸಲ ಯಾರೂ ನಗಲಿಲ್ಲ. ಮೇಡಂ ಏನನ್ನೋ ಬರೆದುಕೊಂಡರು.

ಸಂಜೆ ಅವನು ಓಡೋಡಿ ಬಂದ. "ಹೇಗಾಯ್ತು?"

ಅವಳು ಕೋಟಿನ ಪೊಟ್ಟಣವನ್ನು ಕೌಂಟರಿನ ಮೇಲೆ ಇಟ್ಟಳು. "ರಿಪೇರಿ ಮುಗಿದಿದೆ. ತಗೊಂಡು ಹೋಗಿ."

'ಹೋಗಿ' ಅಂದದ್ದು ಅವನಿಗೆ ಚುಚ್ಚಿತು. "ಏನಾಯ್ತು ಇಸ್ತ್ರಿ?"

"ಯಾರೂ ಗಮನಿಸ್ಲಿಲ್ಲ ಅಂದ್ರಿ. ಹೂಕುಂಡ ಬಿದ್ದಿದ್ದನ್ನೂ ಗಮನಿಸ್ಲಿಲ್ವಾ? ಅಷ್ಟು ಜನರ ಮುಂದೆ ನನ್ನನ್ನ ನಗೆಪಾಟಲು ಮಾಡಿದ್ದು ಸಾಲದು ಅಂತ ಇಲ್ಲಿ ಬಂದು ನಾಟಕ ಬೇರೆ."

ಅವನ ಮುಖ ಸಪ್ಪಗಾಯಿತು. ಬಾಯಿ ತೆರೆದ. ಅಷ್ಟರಲ್ಲಿ ಹೊದಿಕೆಗಳ ಮೂಟೆ ಹೊತ್ತು ಗಿರಾಕಿಯೊಬ್ಬರು ಒಳಗೆ ಬಂದರು. ಅವಳು ಮುಖ ತಿರುಗಿಸಿ ರಸೀದಿ ಹರಿಯತೊಡಗಿದಳು.

ಅವನು ಪೊಟ್ಟಣ ಎತ್ತಿಕೊಂಡು ಹೋದ. ಮೊದಲ ಸಲ, ಎಲ್ಲರ ಹಾಗೆ, ಬೆನ್ನು ತಿರುಗಿಸಿ ಹೋದ. ಅದನ್ನು ನೋಡಿ ಅವಳಿಗೆ ತಡೆಯಲಾಗದಷ್ಟು ಸಂಕಟವಾಯಿತು. ಆದರೂ ಕರೆಯಲಿಲ್ಲ.

* * *

ಆಮೇಲಿನ ಸಂಜೆಗಳು ಉಪ್ಪಿಲ್ಲದ ಅಡುಗೆಯ ಹಾಗೆ ಸಾಗಿದವು. ಎದುರು ಸಾಲಿನ ಕಡೆ ನೋಡಬಾರದು ಅಂತ ಅವಳು ದಿನಾ ತೀರ್ಮಾನ ಮಾಡುತ್ತಿದ್ದಳು. ದಿನಾ ನೋಡುತ್ತಿದ್ದಳು.

ಒಂದು ಬೆಳಿಗ್ಗೆ ಫೋನು ಬಂತು. ಜವಳಿ ಮೇಡಂ.

"ನಿನಗೆ ಸೀಟು ಕೊಟ್ಟಿದೀವಮ್ಮ. ಮಾರ್ಕ್ಸ್ ಸಾಧಾರಣ, ಅದು ನಿನಗೂ ಗೊತ್ತು. ಆದ್ರೆ ತಪ್ಪು ಎಲ್ಲಾಯ್ತು ಅಂತ ಅಷ್ಟು ಬಿಡಿಸಿ ಹೇಳಿದವರು ಈ ಸಲ ನೀನೊಬ್ಬಳೇ. ಆ ಹುಡುಗ ನಿನ್ನ ಬಗ್ಗೆ ಹೇಳಿದ್ದು ಸರಿಯಾಗೇ ಇತ್ತು."

"ಏನು... ಹೇಳಿದ್ದ ಮೇಡಂ?"

"ನಾನು ಅವತ್ತೇ ಹೇಳಿದ್ನಲ್ಲ, ಕೇಳಿಸ್ಕೊಳ್ಳಲಿಲ್ವಾ? 'ಅವಳು ಮಡಚಿ ಕೈಗೆ ಕೊಟ್ಟಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲ, ತಾನಾಗಿ ತಿರುಗಿಸಿ ತೋರಿಸಿದ್ಲು, ದಯವಿಟ್ಟು ಯಾರೂ ಅವಳನ್ನ ನೋಡಿ ನಗಬೇಡಿ, ನನ್ನನ್ನ ನೋಡಿ ನಗಿ' ಅಂದ."

ಅವಳು ಫೋನು ಇಟ್ಟು ಅಮ್ಮನಿಗೆ ಎಲ್ಲ ಹೇಳಿದಳು. ಸೀಟು ಸಿಕ್ಕ ಸುದ್ದಿ ಕೇಳಿ ಅಮ್ಮ ಅವಳನ್ನು ತಬ್ಬಿ, ಕಣ್ಣೊರೆಸಿಕೊಂಡು, ಆಮೇಲೆ ಕೇಳಿದರು. "ಮತ್ಯಾಕೆ ಈ ಮುಖ?"

"ಹಾಗಿದ್ರೆ ನನ್ನ ಹತ್ರ ಯಾಕಮ್ಮ ಸುಳ್ಳು ಹೇಳಿದ?"

"ಅಯ್ಯೋ ದಡ್ಡಿ. ಅವರು ಕಲೆ ನೋಡಿದ್ರು ಅಂತ ಅವತ್ತೇ ಹೇಳಿದ್ದಿದ್ರೆ, ಅವನ ಸೀಟಿನ ಬಗ್ಗೆ ನೀನು ಏನು ಅಂದ್ಕೋತಿದ್ದೆ?"

ನನ್ನಿಂದಾನೇ ಹೋಯ್ತು ಅಂದ್ಕೋತಿದ್ದೆ... ಮತ್ತೆ ಇಸ್ತ್ರಿ ಪೆಟ್ಟಿಗೆ ಮುಟ್ಟುತ್ತಿರಲಿಲ್ಲ... ಅರ್ಜಿಯ ಮಾತು ದೂರವೇ ಉಳಿಯಿತು...

ಅವಳು ಚಪ್ಪಲಿ ಕೂಡ ಹಾಕಿಕೊಳ್ಳದೆ ರಸ್ತೆ ದಾಟಿದಳು.

ಜೆರಾಕ್ಸ್ ಅಂಗಡಿಯಲ್ಲಿ ಅರ್ಜಿ ಹಿಡಿದ ಹುಡುಗರ ನೂಕುನುಗ್ಗಲು. ಅವನು ಯಂತ್ರದ ಮೇಲೆ ಬಗ್ಗಿದ್ದ.

"ಎಷ್ಟು ಕಾಪಿ?" ತಲೆ ಎತ್ತದೆ ಕೇಳಿದ.

"ಒಂದೇ. ಆಸೆ ಕಾಲೇಜಿನ ಪ್ರವೇಶ ಪತ್ರದ್ದು. ಪತ್ರ ಇನ್ನೂ ಬಂದಿಲ್ಲ, ಸೀಟು ಬಂದಿದೆ."

ಅವನು ತಿರುಗಿದ. ಮುಖ ಅರಳಿತು. ತಕ್ಷಣ ಏನೋ ನೆನಪಾಗಿ ಮುದುಡಿತು. "ಅಭಿನಂದನೆಗಳು ರೀ."

"ರೀ ಗೀ ಅನ್ಬೇಡ. ಮೇಡಂ ಎಲ್ಲ ಹೇಳಿದ್ರು." ಅವಳು ಯಂತ್ರದ ಹತ್ತಿರ ಬಂದಳು. "ಒಂದು ಮಾತು ಕೇಳದೆ ಕಳಿಸಿಬಿಟ್ಟೆ. ತಪ್ಪಾಯ್ತು. ಮೊದಲೇ ನನಗೆ ನಿಜ ಹೇಳ್ಬಾರದಿತ್ತಾ, ಕೋಟು?"

"ಹೇಳಿದ್ರೆ ನೀನು ಅರ್ಜಿ ಹಾಕ್ತಿದ್ಯಾ?"

ಅವಳು ಇಲ್ಲ ಅಂತ ತಲೆಯಾಡಿಸಿದಳು. ಕಣ್ಣೀರು ಕೆನ್ನೆಗಿಳಿಯಿತು. ಸಾಲಿನಲ್ಲಿದ್ದವರು ಅರ್ಜಿ ಮರೆತು ಇವರನ್ನೇ ನೋಡುತ್ತಿದ್ದರು. ಚಿಕ್ಕಪ್ಪ ಕೆಮ್ಮಿ, "ಹೊರಗೆ ಹೋಗಿ ಮಾತಾಡ್ರಪ್ಪ, ಯಂತ್ರ ನಾನು ನೋಡ್ಕೋತೀನಿ" ಅಂದರು.

ಹೊರಗೆ ಬಂದಾಗ ಅವನ ಕೈಯಲ್ಲಿ ಕೋಟಿತ್ತು. ಅವಳು ಬೆನ್ನು ಸವರಿ ನೋಡಿದಳು. ತೇಪೆಯ ಅಂಚು ಕೈಗೂ ಸಿಗುತ್ತಿರಲಿಲ್ಲ.

"ನನಗೆ ಅಂದಾಜಿನ ಕಾಲೇಜು ಸಿಕ್ಕಿದೆ" ಅಂದ. "ನಿನ್ನ ಕಾಲೇಜಿನ ಮುಂದೆ ಹೋಗೋ ಬಸ್ಸೇ ಅಲ್ಲಿಗೂ ಹೋಗುತ್ತೆ. ನಕ್ಷೆ ಹಾಕಿ ನೋಡಿದೀನಿ."

"ನಾನು ಮಾತಾಡಿಸದೇ ಇದ್ದಾಗಲೂ ನಕ್ಷೆ ಹಾಕ್ತಿದ್ಯಾ?"

"ಅವಾಗಲೇ ಹಾಕಿದ್ದು. ಬೇರೇನೂ ಮಾಡೋಕೆ ಮನಸ್ಸಿರಲಿಲ್ಲ." ಅವನು ಕೋಟಿನ ಗುಂಡಿ ತಿರುಚಿದ. "ನೀನಂದ್ರೆ ನನಗೆ ತುಂಬಾ ಇಷ್ಟ, ಇಸ್ತ್ರಿ. ಕೋಟು ಸುಟ್ಟ ದಿನದಿಂದಲೂ."

"ಅಂದಾಜಿತ್ತು" ಅಂದಳು ಅವಳು, ಕಣ್ಣೊರೆಸಿಕೊಂಡು ನಗುತ್ತಾ. "ನನಗೂ ಇಷ್ಟ. ಇಲ್ದಿದ್ರೆ ಒಂದು ತೇಪೆಗೆ ಅಷ್ಟು ದಿನ ಬೇಕಿತ್ತಾ?"

ಲಾಂಡ್ರಿಯ ಬಾಗಿಲಲ್ಲಿ ಅಮ್ಮ ನಿಂತು ಚಪ್ಪಲಿ ಎತ್ತಿ ತೋರಿಸುತ್ತಿದ್ದರು. ಅವನು ಅವಳನ್ನು ಅಲ್ಲಿಯವರೆಗೂ ಬಿಟ್ಟು, ಅವಳಿಗೇ ಮುಖ ಮಾಡಿಕೊಂಡು ಹಿಂದಕ್ಕೆ ಹೆಜ್ಜೆ ಹಾಕಿದ. ಸೈಕಲ್ಲೊಂದಕ್ಕೆ ಡಿಕ್ಕಿ ಹೊಡೆದ.

"ತಿರುಗಿ ನಡಿಯೋ, ಬೀಳ್ತೀಯ."

"ಒಂದು ಸಲ ನಿನಗೆ ಬೆನ್ನು ತೋರಿಸಿ ಹೋಗಿದ್ದೆ. ಸಾಕಾಗಿದೆ."

"ಹಾಗಾದ್ರೆ ಹೋಗ್ಬೇಡ" ಅಂದಳು ಅವಳು.